ಕೆರೆ ಕಾಣುವ ಮನೆ: ಯಾವ ದಡ, ಯಾವ ಟವರ್, ಯಾವ ಮಹಡಿ?

ಬೆಂಗಳೂರಿನಲ್ಲಿ ಕೆರೆ ಪಕ್ಕದ ಅಪಾರ್ಟ್‌ಮೆಂಟ್ ಅಂದರೆ ಬ್ರೋಷರ್‌ನ ಮೊದಲ ಪುಟದಲ್ಲೇ ನೀಲಿ ನೀರು. ಒಳಗೆ ಹೋದರೆ ನಾಲ್ಕೈದು ಟವರ್, ನೂರಾರು ಫ್ಲ್ಯಾಟ್. ಒಂದು ಮನೆಯ ಹಾಲ್‌ನಿಂದ ಕೆರೆ ಪೂರ್ತಿ ಕಾಣುತ್ತದೆ. ಅದರ ಪಕ್ಕದ ಮನೆಯಲ್ಲಿ ಬಾಲ್ಕನಿಯ ಮೂಲೆಗೆ ಹೋಗಿ ಕತ್ತು ಚಾಚಿದರೆ ಒಂದು ಚೂರು ನೀರು. ಹಿಂದಿನ ಟವರ್‌ನವರಿಗೆ ಕಾಣುವುದು ಎದುರು ಮನೆಯ ಯುಟಿಲಿಟಿಯಲ್ಲಿ ಒಣಗಿರುವ ಬಟ್ಟೆ. ‘ಲೇಕ್ ವ್ಯೂ’ ಎಂದು ಚದರಡಿ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೇಳುವಾಗ ನಿಮಗೆ ಸಿಗುವ ನೋಟ ಯಾವುದು ಎಂದು ಮೊದಲೇ ಅಳೆದು ನೋಡಬಹುದು. ಕಷ್ಟವೇನಲ್ಲ, ಒಂದೆರಡು ದಿನದ ಓಡಾಟ ಬೇಕು ಅಷ್ಟೆ.

ಮೊದಲು ದಡ ನೋಡಿ

‘ಎಷ್ಟನೇ ಮಹಡಿ ಖಾಲಿ ಇದೆ?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಮೊದಲ ಪ್ರಶ್ನೆ ‘ಮನೆ ಕೆರೆಯ ಯಾವ ದಡಕ್ಕಿದೆ?’ ಎನ್ನುವುದು.

ನಮ್ಮ ಕೆರೆಗಳು ತಾವಾಗಿ ಆದ ಸರೋವರಗಳಲ್ಲ. ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ, ಕೆಳಗಿನ ಗದ್ದೆಗೆ ನೀರು ಬಿಡಲು ನಿಲ್ಲಿಸಿದ ನೀರು. ಹಾಗಾಗಿ ಏರಿಯ ಹತ್ತಿರ, ತೂಬು ಇರುವ ಕಡೆ ಆಳ ಜಾಸ್ತಿ. ಎದುರು ತುದಿಯಲ್ಲಿ, ರಾಜಕಾಲುವೆ ಬಂದು ಸೇರುವ ಕಡೆ, ನೀರು ಮೊಣಕಾಲುದ್ದ ಇದ್ದರೂ ಇರಬಹುದು. ಬೇಸಿಗೆ ಬಂದಾಗ ನೀರು ಹಿಂದೆ ಸರಿಯುವುದು ಈ ತುದಿಯಿಂದಲೇ. ಮಳೆಗಾಲ ಮುಗಿದ ಹೊಸತರಲ್ಲಿ ನೋಡಿ ಮೆಚ್ಚಿದ ಮನೆಯ ಮುಂದೆ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಕೆಸರು, ಹುಲ್ಲು. ಕಾಲುವೆ ಹೊತ್ತು ತರುವ ಹೂಳು, ಪ್ಲಾಸ್ಟಿಕ್, ಕೊಳಚೆ ಮೊದಲು ನಿಲ್ಲುವುದೂ ಇಲ್ಲೇ.

ಜಕ್ಕೂರು ಕೆರೆಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಉತ್ತರದ ತುದಿಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಕೆರೆಗೆ ಬರುತ್ತದೆ. ದಕ್ಷಿಣಕ್ಕೆ ಏರಿ, ಅದರ ಮುಂದೆ ತೆರೆದ ನೀರು. ಹೆಚ್ಚುವರಿ ನೀರು ರಾಚೇನಹಳ್ಳಿ ಕೆರೆಯ ಕಡೆಗೆ ಹರಿಯುತ್ತದೆ. ಕೆರೆ ಒಂದೇ, ನೋಟ ಎರಡು. ಹಕ್ಕಿ ನೋಡುವ ಆಸೆಯಿದ್ದವರಿಗೆ ಆಳವಿಲ್ಲದ ದಡವೇ ಇಷ್ಟವಾಗಬಹುದು. ನೀರಲ್ಲಿ ನಡೆದು ಮೇಯುವ ಹಕ್ಕಿಗಳು ಬರುವುದು ಅಲ್ಲಿಗೇ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ನೀರಿನ ಮೇಲೆ ತೇಲುವ ಕಳೆ, ಕಸ, ವಾಸನೆ ಎಲ್ಲ ಆಗ ಪೂರ್ವದ ದಡದವರ ಪಾಲು. ಚಳಿಗಾಲದಲ್ಲಿ ಗಾಳಿ ತಿರುಗುತ್ತದೆ.

ಕೆರೆಯ ಆರೋಗ್ಯ ಕೆಟ್ಟರಂತೂ ಯಾವ ದಡವೂ ಉಳಿಯುವುದಿಲ್ಲ. ನಗರದ ಅತಿ ದೊಡ್ಡ ಕೆರೆ ಬೆಳ್ಳಂದೂರಿನಲ್ಲಿ ನೊರೆ ಉಕ್ಕಿ ರಸ್ತೆಗೆ ಬಂತು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ಆಮೇಲೆ ಹೂಳೆತ್ತಲು ನೀರು ಖಾಲಿ ಮಾಡಿದರು. ಕೆರೆ ನೋಡಲೆಂದೇ ಮನೆ ಕೊಂಡವರು ಮಣ್ಣು ಮತ್ತು ಜೆಸಿಬಿ ನೋಡಿಕೊಂಡು ಕಾದರು. ಕೊಳ್ಳುವ ಮುಂಚೆ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ತೆರೆದು, ಬೇಸಿಗೆಯ ತಿಂಗಳುಗಳಲ್ಲಿ ಕೆರೆ ಹೇಗಿತ್ತು ಎಂದು ನೋಡಿ.

ನಕ್ಷೆಯ ಮೇಲೆ ಗೆರೆ ಎಳೆಯಿರಿ

ಬ್ರೋಷರ್‌ನ ಬಣ್ಣದ ಚಿತ್ರ ಬದಿಗಿಡಿ. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ಯೋಜನೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ ಸಿಗುತ್ತದೆ. ಪ್ರಿಂಟ್ ತೆಗೆದು, ನಿಮ್ಮ ಫ್ಲ್ಯಾಟ್‌ನ ಬಾಲ್ಕನಿಯಿಂದ ಕೆರೆಯ ಎರಡೂ ತುದಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ನಡುವೆ ಇನ್ನೊಂದು ಟವರ್ ಅಡ್ಡ ಬಂದರೆ ಅಷ್ಟು ನೋಟ ಹೋಯಿತು. ಕೆರೆಗೆ ಮುಖ ಮಾಡಿದ್ದು ಹಾಲ್‌ನ ಬಾಲ್ಕನಿಯೋ, ಮಲಗುವ ಕೋಣೆಯ ಕಿಟಕಿಯೋ, ಅಥವಾ ಅಡುಗೆಮನೆಯ ಹಿಂದಿನ ಯುಟಿಲಿಟಿಯೋ? ಮೂರನ್ನೂ ‘ಲೇಕ್ ಫೇಸಿಂಗ್’ ಎಂದೇ ಮಾರುತ್ತಾರೆ.

ಮಹಡಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಂದು ಮಹಡಿಗೆ ಸುಮಾರು 3 ಮೀಟರ್ ಎಂದು ಹಿಡಿಯೋಣ. ನಿಂತವರ ಕಣ್ಣು ನೆಲದಿಂದ 1.5 ಮೀಟರ್ ಮೇಲೆ. ನಿಮ್ಮ ಕಟ್ಟಡದಿಂದ 40 ಮೀಟರ್ ದೂರದಲ್ಲಿ 10 ಮೀಟರ್ ಎತ್ತರದ ಮರಗಳ ಸಾಲಿದೆ. ಕೆರೆ 60 ಮೀಟರ್‌ಗೆ ಶುರುವಾಗಿ 400 ಮೀಟರ್‌ಗೆ ಮುಗಿಯುತ್ತದೆ.

ಎರಡನೇ ಮಹಡಿಯಲ್ಲಿ ಕಣ್ಣಿನ ಎತ್ತರ 7.5 ಮೀಟರ್. ಮರವೇ ಎತ್ತರ, ನೀರು ಕಾಣುವುದಿಲ್ಲ. ನಾಲ್ಕನೇ ಮಹಡಿಯಲ್ಲಿ 13.5 ಮೀಟರ್. ಮರದ ತುದಿ ದಾಟಿದ ನೋಟ ನೆಲ ಮುಟ್ಟುವುದು ಸುಮಾರು 154 ಮೀಟರ್ ದೂರದಲ್ಲಿ. ಅದಕ್ಕಿಂತ ಆಚೆಯ ನೀರು ಮಾತ್ರ ಕಾಣುತ್ತದೆ, ಅದೂ ತೆಳ್ಳಗಿನ ಪಟ್ಟಿಯಂತೆ. ಕೈ ಪೂರ್ತಿ ಚಾಚಿ ಹಿಡಿದರೆ ಒಂದೂವರೆ ಹೆಬ್ಬೆರಳಿನಷ್ಟು ಅಗಲ. ಎಂಟನೇ ಮಹಡಿಗೆ ಹೋದರೆ ಕಣ್ಣು 25.5 ಮೀಟರ್‌ನಲ್ಲಿ. ನೋಟ 66 ಮೀಟರ್‌ಗೇ ನೀರು ಮುಟ್ಟುತ್ತದೆ. ಚಾಚಿದ ಕೈಯಲ್ಲಿ ಹೆಚ್ಚುಕಡಿಮೆ ಎರಡು ಮುಷ್ಟಿಯಷ್ಟು ನೀರು! ಸೂತ್ರ ಸುಲಭ: ಮರದ ದೂರವನ್ನು ಕಣ್ಣಿನ ಎತ್ತರದಿಂದ ಗುಣಿಸಿ, ಕಣ್ಣಿನ ಎತ್ತರದಲ್ಲಿ ಮರದ ಎತ್ತರ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ಮರ ಬೆಳೆಯುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ.

ಲೆಕ್ಕ ಬೇಡ ಎನ್ನುವವರಿಗೆ ಇನ್ನೊಂದು ದಾರಿ. ಕೆರೆಯ ಆಚೆ ದಡದ ವಾಕಿಂಗ್ ಪಾತ್‌ನಲ್ಲಿ ನಿಂತು ಕಟ್ಟಡದ ಕಡೆ ನೋಡಿ. ಅಲ್ಲಿಂದ ಯಾವ ಮಹಡಿ ಮರಗಳ ಮೇಲೆ ಕಾಣುತ್ತದೋ ಆ ಮಹಡಿಯವರಿಗೆ ನೀವೂ ಕಾಣುತ್ತೀರಿ.

ಬಾಲ್ಕನಿಯಲ್ಲಿ ಕೂತೂ ನೋಡಬೇಕು. ಕೂತಾಗ ಕಣ್ಣು ಸುಮಾರು 1.2 ಮೀಟರ್‌ಗೆ ಇಳಿಯುತ್ತದೆ. ಎದುರಿಗೆ ಎರಡು ಮೀಟರ್ ದೂರದಲ್ಲಿ 1.1 ಮೀಟರ್ ಎತ್ತರದ ಗೋಡೆ ಇದ್ದರೆ ಎಂಟನೇ ಮಹಡಿಯಲ್ಲೂ ನೀರು ಮರೆಯಾಗಿ ಆಚೆ ದಡ, ಆಕಾಶ ಮಾತ್ರ ಉಳಿಯುತ್ತವೆ. ಕಂಬಿಯ ಗ್ರಿಲ್ ಅಥವಾ ಗಾಜು ಇದ್ದರೆ ಈ ತೊಂದರೆ ಇಲ್ಲ. ಎಷ್ಟೋ ಜನ ಸಾವಿರಾರು ಚದರಡಿ ಲೆಕ್ಕ ಹಾಕಿ ಈ ಗೋಡೆಯೊಂದನ್ನು ನೋಡುವುದೇ ಇಲ್ಲ.

ನಡುವಿನ ಜಾಗ ಯಾರದು?

ಇವತ್ತು ಕಾಣುವ ನೀರು ನಾಳೆ ಕಾಣಬೇಕಲ್ವಾ? ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಕಟ್ಟಡಕ್ಕೂ ಕೆರೆಗೂ ನಡುವಿನ ಸರ್ವೆ ನಂಬರ್ ನೋಡಿ. ಅದು ಖಾಸಗಿ ಜಮೀನಾದರೆ ಪಹಣಿ ತೆಗೆಸಿ. ಅಲ್ಲಿ ಕಟ್ಟಡ ಏಳಬಹುದು. ನೋಟಕ್ಕೆ ಕಾನೂನಿನಲ್ಲಿ ಹಕ್ಕಿಲ್ಲ. 20 ವರ್ಷ ಅನುಭವಿಸಿದ ಗಾಳಿ, ಬೆಳಕಿಗೆ ಹಕ್ಕು ಸಿಗಬಹುದು, ಕೆರೆ ಕಾಣುವುದಕ್ಕೆ ಸಿಗುವುದಿಲ್ಲ.

ಕೆರೆಯ ಸುತ್ತ ಬಿಡಬೇಕಾದ ಜಾಗದ ನಿಯಮವೂ ಬದಲಾಗುತ್ತಾ ಬಂದಿದೆ. 2007ರಲ್ಲಿ ಜಾರಿಗೆ ಬಂದ ‘ಮಾಸ್ಟರ್ ಪ್ಲಾನ್ 2015’ರಲ್ಲಿ ಅದು 30 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ನೀವು ಸಹಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ವಕೀಲರಿಂದ ತಿಳಿದುಕೊಳ್ಳಿ.

ಮರ ಅಡ್ಡ ಬಂದರೆ ಕಡಿಸೋಣ ಎನ್ನುವ ಯೋಚನೆ ದಯವಿಟ್ಟು ಬೇಡ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವುದು ಅಪರಾಧ. ಕೆರೆ ದಡದ ಮರ ಕೆರೆಯದೇ ಭಾಗ. ಅದು ಬೇಡವಾದರೆ ಮೇಲಿನ ಮಹಡಿ ತೆಗೆದುಕೊಳ್ಳಿ.

ಬಿಸಿಲು, ತಗ್ಗು

ಪಶ್ಚಿಮಕ್ಕೆ ಕೆರೆ ಇದ್ದರೆ ಸೂರ್ಯಾಸ್ತ ಚೆಂದ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಮೂರು ಗಂಟೆಯ ಮೇಲೆ ಬಿಸಿಲು ನೇರವಾಗಿಯೂ ಬರುತ್ತದೆ, ನೀರಿನಿಂದ ಚಿಮ್ಮಿಯೂ ಬರುತ್ತದೆ. ಪರದೆ ಎಳೆದೇ ಕೂರಬೇಕು. ಉತ್ತರಕ್ಕೆ ಕೆರೆ ಇರುವ ಮನೆ ಹಗಲೆಲ್ಲ ಕಣ್ಣಿಗೆ ಹಿತ.

ವಿಲ್ಲಾ ಕೊಳ್ಳುವವರು ನೀರಿಗೆ ತೀರಾ ಹತ್ತಿರದ ಸಾಲಿಗೆ ಮುಗಿಬೀಳುತ್ತಾರೆ. ಆ ಸಾಲು ಸಾಮಾನ್ಯವಾಗಿ ಅತಿ ತಗ್ಗಿನದು. 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವ ಭಾಗದಲ್ಲಿ ಇಂಥ ಮನೆಗಳ ಒಳಗೇ ನೀರು ನಿಂತಿತ್ತು. ಕೆರೆ ತುಂಬಿ ಹೊರಹರಿಯುವ ಕೋಡಿಯ ಮಟ್ಟಕ್ಕಿಂತ ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂದು ಎಂಜಿನಿಯರ್ ಕೈಲಿ ಅಳತೆ ಮಾಡಿಸಿ.

ದುಡ್ಡು ಕೊಡುವ ಮುಂಚೆ

ನೋಟಕ್ಕೆ ಹಾಕುವ ಪಿಎಲ್‌ಸಿ (ಪ್ರಿಫರೆನ್ಶಿಯಲ್ ಲೊಕೇಶನ್ ಚಾರ್ಜ್, ಒಳ್ಳೆಯ ಜಾಗದ ಮನೆಗೆ ಕೇಳುವ ಹೆಚ್ಚುವರಿ ದುಡ್ಡು) ಮತ್ತು ಮಹಡಿಗೆ ಹಾಕುವ ಫ್ಲೋರ್ ರೈಸ್, ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಓರೆಯಾಗಿ ಕಾಣುವ ಮನೆಗೂ ನೇರವಾಗಿ ಕಾಣುವ ಮನೆಗೂ ಒಂದೇ ಪಿಎಲ್‌ಸಿ ಹಾಕಿದ್ದರೆ ನಿಮ್ಮ ಗೆರೆ ಎಳೆದ ನಕ್ಷೆ ತೋರಿಸಿ ಚೌಕಾಸಿ ಮಾಡಿ. ಬ್ರೋಷರ್, ಜಾಹೀರಾತು, ಸೇಲ್ಸ್‌ನವರ ವಾಟ್ಸ್‌ಆ್ಯಪ್ ಮೆಸೇಜ್ ಎಲ್ಲ ಇಟ್ಟುಕೊಳ್ಳಿ. ಸುಳ್ಳು ಜಾಹೀರಾತು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬಿಲ್ಡರ್ 10 ಪರ್ಸೆಂಟ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಪಿಎಲ್‌ಸಿ ಯಾವ ಫ್ಲ್ಯಾಟ್‌ಗೆ, ಯಾವ ದಿಕ್ಕಿನ ಯಾವ ಬಾಲ್ಕನಿಗೆ ಎನ್ನುವುದು ಆ ಅಗ್ರಿಮೆಂಟ್‌ನಲ್ಲೇ ಇರಲಿ, ಜೊತೆಗೆ ಮಂಜೂರಾದ ನಕ್ಷೆಯ ಪ್ರತಿಯನ್ನೂ ಲಗತ್ತಿಸಲು ಹೇಳಿ.