ಕಷಾಯ ಕುಡಿದಾಗ ಬಿಸಿಯಾಗಿದ್ದು ಯಾವುದು?

ನಮ್ಮ ಮೂಡಿಗೆರೆ ಕಡೆ ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆ ಗಿಡವೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತದೆ. ಹತ್ತು ನಿಮಿಷಕ್ಕೇ ಬೆರಳು ಮರಗಟ್ಟಿ, ಹಣ್ಣು ಹಿಡಿದಿದ್ದೇವೋ ಎಲೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಅಮ್ಮ ಒಣಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕಷಾಯ ಕಾಯಿಸುತ್ತಾರೆ. "ಒಂದು ಲೋಟ ಕುಡಿ, ಮೈಯೆಲ್ಲ ಬಿಸಿಯಾಗತ್ತೆ" ಅನ್ನುತ್ತಾರೆ. ನಿಜಕ್ಕೂ ಆಗುತ್ತದಾ ಅಂತ ಅಳೆದು ನೋಡಿದೆ.

ಕೊರೊನಾ ಕಾಲದಲ್ಲಿ ತಂದ ಥರ್ಮಲ್ ಗನ್ ಇತ್ತು. ಬೆರಳಿನ ತುದಿಗೆ ಹಿಡಿದರೆ ಬರೀ 'ಲೋ' ಅಂತ ಬಂತು. ಜ್ವರ ನೋಡುವ ಸೆಟ್ಟಿಂಗಿನಲ್ಲಿ ಅಷ್ಟು ತಣ್ಣಗಿರುವುದನ್ನು ಅದು ಓದುವುದಿಲ್ಲ. ವಸ್ತುಗಳ ಬಿಸಿ ಅಳೆಯುವ ಸೆಟ್ಟಿಂಗಿಗೆ ಬದಲಿಸಿದೆ, 19 ಡಿಗ್ರಿ ತೋರಿಸಿತು. ಮೈ ಒಳಗಿನ ಬಿಸಿಗೆ ನಾಲಿಗೆ ಕೆಳಗೆ ಥರ್ಮಾಮೀಟರ್. ಮೊದಲ ದಿನ ಕಷಾಯ ಕುಡಿದ ಕೂಡಲೇ ಇಟ್ಟೆ, 38 ಬಂತು! ಆಮೇಲೆ ಹೊಳೆಯಿತು, ಬಿಸಿಯಾಗಿದ್ದು ಬಾಯಿ ಅಷ್ಟೇ. ಮಾರನೇ ದಿನದಿಂದ ಅರ್ಧ ಗಂಟೆ ಕಾದು ಇಡುತ್ತಿದ್ದೆ.

ಹನ್ನೆರಡು ದಿನ ಹೀಗೆ ಮಾಡಿದೆ. ಒಂದು ದಿನ ಕಷಾಯ, ಮರುದಿನ ಅಷ್ಟೇ ಬೆಲ್ಲ ಹಾಕಿದ ಬರೀ ಬಿಸಿನೀರು. ಅದೇ ಲೋಟ, ಅದೇ ಅಂಗಿ, ಜಗಲಿಯಲ್ಲಿ ಅದೇ ಜಾಗ.

ಮೈ ಒಳಗಿನ ಬಿಸಿ ಏನು ಕುಡಿದರೂ 36.4, 36.5. ಬೆರಳಲ್ಲಿ ಮಾತ್ರ ಫರಕು ಕಂಡಿತು. ಬೆಲ್ಲದ ನೀರಿಗೆ 22ರವರೆಗೆ ಏರಿ ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುತ್ತಿತ್ತು. ಕಷಾಯಕ್ಕೆ 24 ದಾಟಿ, ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತಿತ್ತು. ಇದು ನನ್ನೊಬ್ಬನ ಮೈಯ ಲೆಕ್ಕ, ಎಲ್ಲರಿಗೂ ಹೀಗೇ ಅಂತ ಹೇಳಲಾರೆ.

ಹಾಗಾದರೆ ಮೈಯೆಲ್ಲ ಬಿಸಿಯಾದಂತೆ ಅನ್ನಿಸುವುದು ಸುಳ್ಳಾ? ಅಲ್ಲ. ಶುಂಠಿ ಒಣಗಿದಾಗ ಅದರಲ್ಲಿ ಶೋಗಾಲ್ ಅನ್ನುವ ಖಾರದ ಅಂಶ ಹೆಚ್ಚುತ್ತದೆ. ಕಾಳುಮೆಣಸಿನಲ್ಲಿ ಪೈಪರಿನ್ ಇದೆ. ಬಿಸಿ ತಾಗಿದರೆ ನಮ್ಮ ನರದಲ್ಲಿ ಯಾವ ಬಾಗಿಲು ತೆರೆಯುತ್ತದೋ, ಈ ಖಾರವೂ ಅದನ್ನೇ ತೆರೆಯುತ್ತದೆ. ಮೆಣಸಿನಕಾಯಿಯ ಖಾರದ ಜಾಡು ಹಿಡಿದು ಆ ಬಾಗಿಲನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ನನಗೆ ಭಯ ಇರುವುದೂ ಈ ಹಿತದ ಬಗ್ಗೆಯೇ. ಚಳಿಯಲ್ಲಿ ಮೈ ತಾನಾಗಿ ಬೆರಳಿನ ರಕ್ತನಾಳ ಬಿಗಿದು, ಬಿಸಿಯನ್ನು ಒಳಗೇ ಕಾಪಾಡಿಕೊಳ್ಳುತ್ತದೆ. ಚರ್ಮಕ್ಕೆ ರಕ್ತ ಜಾಸ್ತಿ ಹರಿದಷ್ಟೂ ಆ ಬಿಸಿ ಗಾಳಿಗೆ ಹೋಗುತ್ತದೆ. ಹೋದ ವರ್ಷ ಕಷಾಯ ಕುಡಿದ ಹುರುಪಿನಲ್ಲಿ ಸ್ವೆಟರ್ ತೆಗೆದಿಟ್ಟು ತೋಟಕ್ಕೆ ಇಳಿದಿದ್ದೆ. ಮುಕ್ಕಾಲು ಗಂಟೆಗೆ ಹಲ್ಲು ಕಟಕಟ ಅನ್ನತೊಡಗಿತು, ಕೈಯಲ್ಲಿದ್ದ ಹಣ್ಣೆಲ್ಲ ನೆಲಕ್ಕೆ.

ಈಗ ನಮ್ಮಲ್ಲಿ ಮೊದಲು ಒದ್ದೆ ಬಟ್ಟೆ ಬದಲಿಸುವುದು, ಆಮೇಲೆ ಬಿಸಿ ರೊಟ್ಟಿ, ಕೊನೆಗೆ ಕಷಾಯ. ಕುಡಿದ ಮೇಲೂ ಸ್ವೆಟರ್ ಕಳಚುವ ಹಾಗಿಲ್ಲ. ಅಮ್ಮ ರಕ್ತ ತೆಳುವಾಗುವ ಮಾತ್ರೆ ತಗೋತಾರೆ, ಹಾಗಾಗಿ ಡಾಕ್ಟರನ್ನು ಕೇಳಿ ಅವರ ಲೋಟಕ್ಕೆ ಶುಂಠಿ ಕಡಿಮೆ ಮಾಡಿದ್ದೇವೆ.