ಅರ್ಥಶಾಸ್ತ್ರದ ಸಂಶೋಧನಾರ್ಥಿ ತನ್ನ ಪರಿಚಯ ಬರೆಯುವುದು ಹೇಗೆ?

ಪಿಎಚ್‌ಡಿಗೆ ಅರ್ಜಿ ಹಾಕುವ ನಮ್ಮ ಕಡೆಯ ಹುಡುಗ ಹುಡುಗಿಯರು ಪರಿಚಯ ಪತ್ರ ತಿದ್ದಿಕೊಡಿ ಎಂದು ನನಗೆ ಕಳಿಸುತ್ತಿರುತ್ತಾರೆ. ನಾನೂ ಸಂಶೋಧನಾರ್ಥಿಯೇ, ಶಿರಸಿ ಸೀಮೆಯ ತೋಟದ ಮನೆಯವನು, ಜೊತೆಗೆ ಬಿ.ಎ. ತರಗತಿಗೆ ಅತಿಥಿ ಉಪನ್ಯಾಸಕ. ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ‘ಗ್ರಾಮೀಣ ಅಭಿವೃದ್ಧಿಯಲ್ಲಿ ಆಸಕ್ತಿ’ ಎಂದೇ ಇರುತ್ತದೆ. ಅಷ್ಟಕ್ಕೆ ಯಾವ ಗೈಡೂ ತಲೆಯೆತ್ತಿ ನೋಡುವುದಿಲ್ಲ ಮಾರಾಯ್ರೆ.

ಹಿನ್ನೆಲೆಗೆ ಎರಡು ಸಾಲು ಸಾಕು: ಓದಿದ ಕಾಲೇಜು, ಎಂ.ಎ.ಯ ಐಚ್ಛಿಕ ವಿಷಯ, ನೆಟ್ ಅಥವಾ ಕೆ-ಸೆಟ್ (ಉಪನ್ಯಾಸಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳು) ಆಗಿದ್ದರೆ ಅದು. ಎಸ್‌ಎಸ್‌ಎಲ್‌ಸಿ ಅಂಕ ಬೇಡ. ಆದರೆ ಅಪ್ಪ ಅಡಿಕೆ ಬೆಳೆಯುತ್ತಾರೆ, ಅಮ್ಮ ಮೀನು ಮಾರುತ್ತಾರೆ ಎಂಬುದನ್ನು ಮುಚ್ಚಿಡಬೇಡಿ. ಮಾಹಿತಿ ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಇದೆ.

ಆಸಕ್ತಿಯ ಭಾಗಕ್ಕೆ ಮಾತ್ರ ಪುರುಸೊತ್ತು ಮಾಡಿಕೊಂಡು ಕೂರಿ. ಮೊದಲು ಪ್ರಶ್ನೆ, ಸಿದ್ಧಾಂತದ ಹೆಸರು ಆಮೇಲೆ. ನನ್ನದು ಶಿರಸಿಯ ಅಡಿಕೆ ಟೆಂಡರು. ವ್ಯಾಪಾರಿ ಲಾಟಿನಿಂದ, ಅಂದರೆ ಮಾರಾಟಕ್ಕಿಟ್ಟ ಅಡಿಕೆ ಗುಡ್ಡೆಯಿಂದ, ಒಂದು ಮುಷ್ಟಿ ಎತ್ತುತ್ತಾನೆ, ಒಂದೆರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ದರ ಹಾಕುತ್ತಾನೆ. ಪಕ್ಕದವನು ಎಷ್ಟು ಹಾಕಿದ ಎಂದು ಅವನಿಗೆ ತಿಳಿಯದು. ಮೀನಿನ ಹರಾಜಿನಲ್ಲಾದರೆ ಕೂಗು ಎಲ್ಲರ ಕಿವಿಗೂ ಬೀಳುತ್ತದೆ. ಮಾರುವವರಿಗೆ ಯಾವುದು ಲಾಭ? ಕೊಳ್ಳುವವರ ಅಂದಾಜುಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಸರಾಸರಿಯಲ್ಲಿ ಎರಡೂ ಒಂದೇ ಎಂಬ ಲೆಕ್ಕ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರೆಯ 1961ರ ಲೇಖನದಿಂದ ಬಂದದ್ದು. ಆ ಅಂದಾಜುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ, ಅಂದರೆ ಒಬ್ಬನದು ಏರಿದಾಗ ಇನ್ನೊಬ್ಬನದೂ ಏರುವಂತಿದ್ದರೆ, ಮಾರುವವರಿಗೆ ಕೂಗಿನ ಹರಾಜೇ ಮೇಲು ಎಂದು 1982ರಲ್ಲಿ ಮಿಲ್‌ಗ್ರೋಮ್ ಮತ್ತು ವೆಬರ್ ತೋರಿಸಿದರು. ಅಡಿಕೆ ಕೊಂಡವರೆಲ್ಲ ಕೊನೆಗೆ ಉತ್ತರ ಭಾರತದ ಪೇಟೆಗೇ ಕಳಿಸುವಾಗ ಅಂದಾಜುಗಳು ಹೊಂದಿಕೊಂಡಿರದೆ ಇರುತ್ತವೆಯೇ? ಹಾಗಂತ ಟೆಂಡರು ಬಿಡಿ ಎನ್ನಲೂ ಆಗದು: ಕೊಳ್ಳುವವರು ನಾಲ್ಕೇ ಜನರಾದರೆ ಬಹಿರಂಗ ಕೂಗಿನಲ್ಲಿ ಒಳಒಪ್ಪಂದ ಸಲೀಸು. ಆಸಕ್ತಿ ಎಂದು ಬರೆಯಬೇಕಾದದ್ದು ಈ ಗಂಟನ್ನು.

ಕೆಳಗೆ ಮಾಹಿತಿಯ ಮಾತು ಇರಲಿ. ಪ್ರಕಟವಾಗುವ ಪೇಟೆ ಧಾರಣೆಯಲ್ಲಿ ದಿನದ ಕನಿಷ್ಠ, ಗರಿಷ್ಠ, ಸಾಮಾನ್ಯ ದರ ಸಿಗುತ್ತದೆ. ಎರಡನೆಯವನು ಎಷ್ಟು ಹಾಕಿದ್ದ ಎಂಬುದು ಸಿಗದು. ಅದಕ್ಕೆ ಲಾಟುವಾರು ದಾಖಲೆ ಬೇಕು, ಪಡೆಯುವ ದಾರಿ ಬರೆಯಿರಿ. ರಾಶಿ, ಚಾಲಿ ಎರಡನ್ನೂ ಸೇರಿಸಿ ಸರಾಸರಿ ತೆಗೆಯಬೇಡಿ. ರಾಶಿ ಎಂದರೆ ಹಸಿ ಅಡಿಕೆ ಸುಲಿದು ಬೇಯಿಸಿದ್ದು, ಚಾಲಿ ಎಂದರೆ ಹಣ್ಣಡಿಕೆ ಒಣಗಿಸಿದ್ದು, ದರವೇ ಬೇರೆ.

ಬೋಧನೆಯ ಭಾಗಕ್ಕೆ ಪಾಠ ಮಾಡಿದ ವಿಷಯಗಳ ಪಟ್ಟಿ ಯಾಕೆ? ಒಂದು ತರಗತಿಯ ಕತೆ ಹೇಳಿ. ನಾನು ಡಬ್ಬಿ ತುಂಬ ಚಾಲಿ ಒಯ್ದು, ತೂಕ ಹೇಳದೆ, ಇಡೀ ಡಬ್ಬಿಗೆ ಎಷ್ಟು ಕೊಡುತ್ತೀರಿ ಎಂದು ಚೀಟಿಯಲ್ಲಿ ಬರೆಸುತ್ತೇನೆ. ಆಮೇಲೆ ತಕ್ಕಡಿಗೆ ಹಾಕಿದರೆ, ಗೆದ್ದವರು ಸಾಮಾನ್ಯವಾಗಿ ಜಾಸ್ತಿ ಕೊಟ್ಟಿರುತ್ತಾರೆ. ಇಡೀ ಕ್ಲಾಸು ನಗುತ್ತದೆ, ‘ಗೆದ್ದವರ ಶಾಪ’ ಬೋರ್ಡಿಗೆ ಬರುವ ಮೊದಲೇ ಅರ್ಥವಾಗಿರುತ್ತದೆ.

ಅಂಕಿಅಂಶ ಲೆಕ್ಕ ಹಾಕುವ ಸ್ಟೇಟಾ, ಆರ್ ತಂತ್ರಾಂಶಗಳು ಬರುತ್ತಿದ್ದರೆ ಸೇರಿಸಿ. ಕೊಂಕಣಿ ಬರುತ್ತಿದ್ದರೆ ಅದನ್ನೂ ಸೇರಿಸಿ. ಕಾರವಾರದ ಮೀನುಪೇಟೆಯಲ್ಲಿ ಪ್ರಶ್ನಾವಳಿ ಹಿಡಿದು ನಿಂತಾಗ ಸ್ಟೇಟಾಕ್ಕಿಂತ ಅದೇ ಮೊದಲು ಬೇಕಾಗುತ್ತದೆ.