ಕಾಲು ಉದ್ದ ಮಾಡಿಸಿಕೊಂಡ ಮೇಲೆ ಮಲೆನಾಡಿನ ಮನೆಯಲ್ಲಿ ಮತ್ತೆ ನಡೆಯುವುದು ಹೇಗೆ

ಕಾಲಿನ ಸುತ್ತ ಹಾಕಿ, ತಂತಿಗಳಿಂದ ಮೂಳೆಗೆ ಬಿಗಿದ ಲೋಹದ ರಿಂಗಿನ ನಟ್ಟು ತಿರುಗಿಸುವುದು ಸುಲಭ. ದಿನಕ್ಕೆ ನಾಲ್ಕು ಸಲ, ಒಂದು ಸಲಕ್ಕೆ ಕಾಲು ಮಿಲಿಮೀಟರ್, ಒಟ್ಟು 1 ಮಿ.ಮೀ. ಎರಡೇ ದಿನಕ್ಕೆ ಕೈಗೆ ಅಭ್ಯಾಸವಾಗುತ್ತದೆ, ಕಾಫಿ ಕುಡಿಯುತ್ತಾ ತಿರುಗಿಸಬಹುದು. ಕಷ್ಟ ಇರುವುದು ಮೂಳೆಯ ಜೊತೆ ಬರಲು ಒಪ್ಪದ ಮಾಂಸಖಂಡದಲ್ಲಿ. ಇದನ್ನು ಆಪರೇಶನ್ನಿಗೆ ಮುಂಚೆ ನನಗೆ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಚಿಕ್ಕವನಿದ್ದಾಗ ಮರದಿಂದ ಬಿದ್ದು ಬಲಗಾಲು ಮುರಿದಿತ್ತು. ಮೂಳೆ ಬೆಳೆಯುವ ಜಾಗಕ್ಕೇ ಪೆಟ್ಟು ಬಿದ್ದಿದ್ದರಿಂದ ಆ ಕಾಲು 4 ಸೆಂ.ಮೀ. ಗಿಡ್ಡ ಉಳಿಯಿತು. ದೊಡ್ಡವನಾದ ಮೇಲೆ ಮೊಣಕಾಲ ಕೆಳಗಿನ ಮೂಳೆಗೆ ರಿಂಗ್ ಹಾಕಿಸಿಕೊಂಡೆ. ಈ ರಿಂಗಿನ ಪದ್ಧತಿಯನ್ನು 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್ ಎಂಬ ಊರಲ್ಲಿ ಕುಳಿತು ಬೆಳೆಸಿದ್ದು ಗವ್ರಿಯಿಲ್ ಇಲಿಜರೋವ್ ಎಂಬ ಡಾಕ್ಟರ್. ಮೂಳೆ ಕತ್ತರಿಸುತ್ತಾರೆ, ಸುಮಾರು ಒಂದು ವಾರ ಸುಮ್ನೆ ಬಿಡುತ್ತಾರೆ, ಆಮೇಲೆ ನಿಧಾನಕ್ಕೆ ಎಳೆಯುತ್ತಾ ಹೋದರೆ ನಡುವಿನ ಸಂದಿಯಲ್ಲಿ ಹೊಸ ಮೂಳೆ ಹುಟ್ಟುತ್ತದೆ. 4 ಸೆಂ.ಮೀ. ಎಳೆಯಲು 40 ದಿನ ಸಾಕು. ಆದರೆ ಆ ಎಳೆ ಮೂಳೆ ಗಟ್ಟಿಯಾಗಲು ಸೆಂಟಿಮೀಟರಿಗೆ ಒಂದು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕು. ಹಾಗಾಗಿ ಆರು ತಿಂಗಳ ಲೆಕ್ಕ ಹಾಕಿಕೊಂಡೇ ಮನೆಗೆ ಬನ್ನಿ.

ಮೊದಲ ಶತ್ರು ದಿಂಬು. ನಿಜವಾಗಿ. ಮೊಣಕಾಲ ಕೆಳಗೆ ಒಂದು ದಿಂಬು ಇಟ್ಟರೆ ಸ್ವರ್ಗ, ನೋವು ಅರ್ಧಕ್ಕೆ ಇಳಿಯುತ್ತದೆ. ನಾನು ಹತ್ತು ದಿನ ಹಾಗೇ ಮಲಗಿದೆ. ಮೊಣಕಾಲು ಮಡಚಿದಲ್ಲೇ ಬಿಗಿದುಕೊಂಡಿತು, ಅದನ್ನು ಮತ್ತೆ ನೇರ ಮಾಡಲು ಒಂದೂವರೆ ತಿಂಗಳು ಹೋಯಿತು. ದಿಂಬು ಬೇಕೇ ಬೇಕು ಅಂದರೆ ಹಿಮ್ಮಡಿಯ ಕೆಳಗೆ ಇಡಿ, ಮೊಣಕಾಲು ಗಾಳಿಯಲ್ಲಿ ತೂಗಲಿ, ತನ್ನ ಭಾರಕ್ಕೆ ತಾನೇ ನೇರವಾಗುತ್ತದೆ. ಹತ್ತು ನಿಮಿಷದಿಂದ ಶುರು ಮಾಡಿ.

ಎರಡನೆಯದು ಪಾದ. ಮೀನಖಂಡ ಬಿಗಿಯಾದರೆ ಹಿಮ್ಮಡಿ ಮೇಲೆದ್ದು ಪಾದ ಕೆಳಗೆ ಚಾಚಿಕೊಳ್ಳುತ್ತದೆ, ಆಮೇಲೆ ನಡೆಯುವುದು ಬೆರಳ ತುದಿಯಲ್ಲೇ. ಕಾಲು ಚಾಚಿ ಕುಳಿತು, ಒಂದು ಬೈರಾಸನ್ನು (ಟವಲನ್ನು) ಪಾದದ ಮುಂಭಾಗಕ್ಕೆ ಸುತ್ತಿ, ಎರಡೂ ತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. 30 ಸೆಕೆಂಡ್ ಹಿಡಿದಿಡಿ, ಬಿಡಿ, ಮತ್ತೆ ಹಿಡಿಯಿರಿ, ಐದಾರು ಸಲ. ಜಗ್ಗಿ ಜಗ್ಗಿ ಬಿಡಬೇಡಿ. ಬೆಳಿಗ್ಗೆ ಒಂದೇ ಸಲ ಒಂದು ಗಂಟೆ ಮಾಡಿ ಮುಗಿಸುತ್ತೇನೆ ಅನ್ನುವುದು ಆಗದ ಮಾತು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಮಾಡಿದರೇ ಅದು ಮಾತು ಕೇಳುವುದು. ನಟ್ಟು ತಿರುಗಿಸಿದಾಗೆಲ್ಲ ಬೈರಾಸೂ ಕೈಗೆ ಬರಲಿ ಅಂತ ನಾನು ನಿಯಮ ಮಾಡಿಕೊಂಡಿದ್ದೆ. ರಾತ್ರಿ ಪಾದ ನೆಟ್ಟಗೆ ನಿಲ್ಲಿಸುವ ಪಟ್ಟಿ ಕೊಟ್ಟಿದ್ದರೆ ಹಾಕಿಕೊಂಡೇ ಮಲಗಿ, ಎಷ್ಟೇ ಕಿರಿಕಿರಿಯಾದರೂ. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಒಳ್ಳೆಯದು. ಆದರೆ ಮೆಡಿಕಲ್‌ನಿಂದ ಸಿಕ್ಕಸಿಕ್ಕ ಮಾತ್ರೆ ತರಬೇಡಿ, ಕೆಲವು ನೋವಿನ ಮಾತ್ರೆಗಳಿಂದ ಮೂಳೆ ಕೂಡುವುದು ನಿಧಾನವಾಗಬಹುದು, ಡಾಕ್ಟರ್ ಬರೆದದ್ದೇ ಇರಲಿ.

ಶಕ್ತಿಯ ವಿಷಯಕ್ಕೆ ಬಂದರೆ, ಮಲಗಿದಲ್ಲೇ ಶುರು ಮಾಡಬಹುದು. ಮೊಣಕಾಲ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಬಿಡಿ. ಆಮೇಲೆ ನೇರ ಕಾಲನ್ನು ಒಂದು ಗೇಣು ಮೇಲೆತ್ತಿ ಇಳಿಸಿ. ರಿಂಗಿನ ಭಾರವೇ ಜಿಮ್ಮಿನ ಡಂಬೆಲ್ಲಿನ ಹಾಗೆ ಕೆಲಸ ಮಾಡುತ್ತದೆ. ಮಗ್ಗುಲಲ್ಲಿ ಮಲಗಿ ಮೇಲಿನ ಕಾಲು ಎತ್ತುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಸೊಂಟದ ಪಕ್ಕದ ಆ ಮಾಂಸಖಂಡ ಸೋತಿದ್ದರೆ ಎರಡೂ ಕಾಲು ಸಮವಾದ ಮೇಲೂ ಕುಂಟು ಹೋಗುವುದಿಲ್ಲ. ಅಷ್ಟೆಲ್ಲ ಖರ್ಚು ಮಾಡಿ ಕುಂಟುತ್ತಲೇ ಇರುವುದು ಯಾರಿಗೆ ಬೇಕು, ಅಲ್ವಾ?

ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಹೊರಗಿನ ರಿಂಗ್ ಇದ್ದವರಿಗೆ ಸಾಮಾನ್ಯವಾಗಿ ಬೇಗ ನಡೆಸುತ್ತಾರೆ, ಭಾರ ಬಿದ್ದರೆ ಮೂಳೆಗೂ ಒಳ್ಳೆಯದು. ಮೂಳೆಯೊಳಗೆ ಉದ್ದವಾಗುವ ರಾಡ್ ಹಾಕಿಸಿಕೊಂಡವರು ಬಹಳ ಸಲ ಕಾಯಬೇಕು, ಮೊದಲೇ ಭಾರ ಹಾಕಿದರೆ ರಾಡೇ ಬಾಗಬಹುದು. ಹಾಗಾಗಿ ಇನ್ನೊಬ್ಬರನ್ನು ನೋಡಿ ನಡೆಯಬೇಡಿ. "20 ಕಿಲೋ ಹಾಕಿ" ಅಂದರೆ 20 ಕಿಲೋ ಅಂದರೆ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇತ್ತು. ಅದರ ಮೇಲೆ ಬಲಗಾಲು, ಪಕ್ಕದಲ್ಲಿ ಅಷ್ಟೇ ಎತ್ತರದ ಮಣೆಯ ಮೇಲೆ ಎಡಗಾಲು, ಎರಡೂ ಕಂಕುಳಲ್ಲಿ ಊರುಗೋಲು. 20 ಬರುವ ತನಕ ನಿಧಾನಕ್ಕೆ ಒತ್ತಿ ನೋಡುವುದು. ಮೂರು ದಿನದಲ್ಲಿ ಕಾಲಿಗೇ ಲೆಕ್ಕ ಬಂತು.

ಈಗ ಮಳೆ. ಸಾಧ್ಯವಾದರೆ ಆಪರೇಶನ್ ದೀಪಾವಳಿ ಆದ ಮೇಲೆ ಇಟ್ಟುಕೊಳ್ಳಿ, ಜೂನ್ ಹೊತ್ತಿಗೆ ರಿಂಗ್ ಬಿಚ್ಚಿರಬಹುದು. ನನ್ನದು ಮೇ ಕೊನೆಗೆ ಆಯಿತು, ತೀರ್ಥಹಳ್ಳಿ ಕಡೆಯ ಪೂರ್ತಿ ಮಳೆಗಾಲವನ್ನು ರಿಂಗಿನ ಜೊತೆ ಕಳೆದೆ. ಅಂಗಳ ಪಾಚಿ ಕಟ್ಟುತ್ತದೆ. ಊರುಗೋಲು ಪಾಚಿಯ ಮೇಲೆ ಇಟ್ಟರೆ ಹೋದ ಹಾಗೇ. ಬಚ್ಚಲಿಗೆ ಹೋಗುವ ದಾರಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಹೆಜ್ಜೆ ಇಡುವಲ್ಲಿ ಗೋಣಿಚೀಲ ಹಾಕಬೇಡಿ, ಒದ್ದೆಯಾದರೆ ಅದೇ ಜಾರುತ್ತದೆ. ಊರುಗೋಲಿನ ತುದಿಯ ರಬ್ಬರ್ ಸವೆದಿದೆಯಾ ಅಂತ ವಾರಕ್ಕೊಮ್ಮೆ ತಿರುಗಿಸಿ ನೋಡಿ. ನೆಲದ ಕಕ್ಕಸಿನಲ್ಲಿ ಕೂರುವುದು ಆಗದ ಮಾತು, ಎತ್ತರದ ಕುರ್ಚಿಯಂಥದ್ದು ಸಿಗುತ್ತದೆ, ಆಸ್ಪತ್ರೆಯಿಂದ ಬರುವ ಮುಂಚೆಯೇ ತರಿಸಿಡಿ.

ತಂತಿ ಚರ್ಮದೊಳಗೆ ಹೋಗುವ ಜಾಗಗಳನ್ನು ಆಸ್ಪತ್ರೆಯಲ್ಲಿ ಕಲಿಸಿದ ಹಾಗೇ ಶುಚಿ ಮಾಡಿ. ಸುತ್ತುವ ಬಟ್ಟೆ ನಮ್ಮಲ್ಲಿ ಆಷಾಢದಲ್ಲಿ ಒಣಗುವುದೇ ಇಲ್ಲ, ಬಚ್ಚಲೊಲೆಯ ಮೇಲೆ ಕಟ್ಟಿ ಒಣಗಿಸಿ ಆಮೇಲೆ ಇಸ್ತ್ರಿ ಹಾಕುತ್ತಿದ್ದೆವು. ಪ್ಯಾಂಟಿನ ಆಸೆ ಬಿಡಿ, ಪಂಚೆಯಷ್ಟು ಒಳ್ಳೆಯ ಉಡುಪು ರಿಂಗಿಗೆ ಇನ್ನೊಂದಿಲ್ಲ. ಮತ್ತೆ ಎಣ್ಣೆ! ನೋಡಲು ಬಂದವರೆಲ್ಲ ಒಂದೊಂದು ಎಣ್ಣೆ ಹೇಳುತ್ತಾರೆ. ತಂತಿಯ ಹತ್ತಿರ ಎಣ್ಣೆ ಬೇಡವೇ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೂಬಾರದು, ರಕ್ತ ಹೆಪ್ಪುಗಟ್ಟಿರಬಹುದು, ಅದು ಆಸ್ಪತ್ರೆಗೆ ಓಡುವ ವಿಷಯ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹೆಬ್ಬೆರಳು ಮೇಲೆತ್ತಲು ಆಗುತ್ತಿಲ್ಲ, ಪಾದ ಮರಗಟ್ಟಿದೆ ಅಂದರೆ ನರ ಜಾಸ್ತಿ ಎಳೆದಿದೆ ಅಂತ, ಅವತ್ತೇ ಫೋನ್ ಮಾಡಿ, ತಿರುಗಿಸುವ ವೇಗ ಕಡಿಮೆ ಮಾಡಿಸುತ್ತಾರೆ. ನೀವೇ ನಿಲ್ಲಿಸಬೇಡಿ, ಸಂದಿ ಮುಂಚೆಯೇ ಕೂಡಿಕೊಂಡರೆ ಇನ್ನೊಮ್ಮೆ ಕತ್ತರಿಸಬೇಕಾಗುತ್ತದೆ. ತಂತಿಯ ಸುತ್ತ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ಅದಕ್ಕೂ ತೋರಿಸಿ.

ಊಟದಲ್ಲಿ ವಿಶೇಷವೇನಿಲ್ಲ. ರಾಗಿ, ಹಾಲು, ಮೊಟ್ಟೆ, ಹುರುಳಿ ಸಾರು, ತಿನ್ನುವವರಾದರೆ ಮೀನು. ಬಿಸಿಲೇ ಕಾಣದ ತಿಂಗಳುಗಳಲ್ಲಿ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟು ಬಿಡಲೇಬೇಕು, ಹೊಸ ಮೂಳೆಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಕವಳದ ಜೊತೆಯ ಹೊಗೆಸೊಪ್ಪೂ ಅದೇ ಲೆಕ್ಕ, ಇದನ್ನು ನಮ್ಮ ಕಡೆ ಹೇಳುವುದು ಸ್ವಲ್ಪ ಕಷ್ಟ.

ಎಕ್ಸ್‌ರೇಯಲ್ಲಿ ಹೊಸ ಮೂಳೆಯ ನಾಲ್ಕು ಬದಿಯಲ್ಲಿ ಮೂರಾದರೂ ಗಟ್ಟಿಯಾಗಿ ಕಂಡರೆ ರಿಂಗ್ ಬಿಚ್ಚುವ ಮಾತು ಬರುತ್ತದೆ. ಬಿಚ್ಚಿದ ದಿನ ಕಾಲು ಹಗುರಾಗಿ ಹಾರಿಹೋಗುವ ಹಾಗೆ ಅನಿಸುತ್ತದೆ, ಮೋಸ ಹೋಗಬೇಡಿ, ಹೊಸ ಮೂಳೆ ಮತ್ತೆ ಮುರಿಯುವ ಭಯ ಇರುವುದೇ ಆ ಮೊದಲ ವಾರಗಳಲ್ಲಿ. ಎರಡು ಊರುಗೋಲಿಂದ ಒಂದಕ್ಕೆ ಬಂದಾಗ ಅದನ್ನು ಒಳ್ಳೆ ಕಾಲಿನ ಕಡೆ ಹಿಡಿಯಿರಿ. ಜಗಲಿ ಹತ್ತುವಾಗ, ಬಸ್ಸು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಶನ್ ಕಾಲು ಮೊದಲು. ಡಾಕ್ಟರ್ ಸರಿ ಅಂದ ಮೇಲೆ ಜಗಲಿಯ ಮೆಟ್ಟಿಲೇ ಜಿಮ್ಮು: ಹತ್ತಿ ಇಳಿಯಿರಿ, ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಒಂಟಿ ಕಾಲಲ್ಲಿ ನಿಂತು 30 ಎಣಿಸಿ. ಮೊದಲು ಡಾಂಬರು ರಸ್ತೆ, ಆಮೇಲೆ ಅಂಗಳ, ಆಮೇಲೆ ತೋಟ. ಗದ್ದೆಯಂಚು ಮತ್ತು ಹಳ್ಳದ ಸಂಕ ಕಟ್ಟಕಡೆಗೆ, ಅದೂ ಜೊತೆಗೆ ಒಬ್ಬರಿದ್ದಾಗ. ಚಕ್ಕಳಮಕ್ಕಳ ಹಾಕಿ ಕೂರಲು ನನಗೆ ರಿಂಗ್ ಬಿಚ್ಚಿ ಐದು ತಿಂಗಳಾಯಿತು, ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯಲು ಇನ್ನೂ ಎರಡು.

ಒಂದು ಬಿಟ್ಟುಹೋಯಿತು. ಮುಂಚೆ ಗಿಡ್ಡ ಕಾಲಿನ ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸಿದ್ದರೆ, ಕಾಲು ಉದ್ದವಾದಂತೆ ಅದನ್ನು ಪದರ ಪದರವಾಗಿ ತೆಗೆಸುತ್ತಾ ಬನ್ನಿ, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ನಾನು ಶಿವಮೊಗ್ಗಕ್ಕೆ ಎಕ್ಸ್‌ರೇಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಒಂದೊಂದು ಪದರ ಕೀಳಿಸುತ್ತಿದ್ದೆ. ಕೊನೆಯದನ್ನು ಕಿತ್ತ ದಿನ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.